ಹಳೆಯ ಟ್ಯೂಬಿನ ಕಪ್ಪು ಪಟ್ಟಿ

ಎದುರಿನ ಲಾರಿಯ ಬೆಳಕಿಗೆ ಕಣ್ಣು ಕೋರೈಸಿ, ಕಾಲಡಿಯ ರಸ್ತೆಯೇ ಕಾಣದಂತಾದ ಅನುಭವ ನಿಮಗೆ ಆಗಿಲ್ಲವೇ? ಕಳೆದ ವಾರ ಮುಸ್ಸಂಜೆ, ಬ್ಯಾಡಗಿಯಿಂದ ಮೋಟೆಬೆನ್ನೂರಿನ ಕಡೆ ಹೊರಟಿದ್ದ ನಾನು ಸೈಕಲ್ಲಿನೊಡನೆ ರಸ್ತೆಯ ಪಕ್ಕದ ತಗ್ಗಿಗೆ ಉರುಳಿದೆ. ಮೆಣಸಿನಕಾಯಿ ಹೇರಲು ಪೇಟೆಗೆ ಬರುತ್ತಿದ್ದ ಆ ಲಾರಿಯ ದೀಪಗಳ ಮೇಲರ್ಧಕ್ಕೆ, ಎದುರಿನವರ ಕಣ್ಣು ಕುಕ್ಕದಂತೆ ನಿಯಮದ ಪ್ರಕಾರ ಬಳಿಯಬೇಕಾದ ಕಪ್ಪು ಬಣ್ಣವೇ ಇರಲಿಲ್ಲ. ಡ್ರೈವರ್ ಓಡಿ ಬಂದು ಎಬ್ಬಿಸಿದ. ಮೊಣಕಾಲು ಸುಲಿದಿದ್ದರೂ ನಾನು ನಿಯಮದ ಕುರಿತು ವಾದಕ್ಕೆ ನಿಂತೆ.

“ಭಾಷಣಾ ಆಮ್ಯಾಲ ಮಾಡ್ರೀ ಸರ, ಮೊದ್ಲ ಕುಂದರ್ರಿ,” ಎಂದು ನೀರು ಕೊಟ್ಟ. ಬಳಿಕ ಟೈರಿನ ಹಳೆಯ ರಬ್ಬರ್ ಟ್ಯೂಬಿನಿಂದ ಕತ್ತರಿಸಿದ ಅರ್ಧಚಂದ್ರದಂಥ ಎರಡು ಪಟ್ಟಿಗಳನ್ನು ಕ್ಯಾಬಿನ್ನಿನಿಂದ ತಂದು, ದೀಪಗಳ ಮೇಲಂಚಿಗೆ ತಂತಿಯ ಕೊಕ್ಕೆಯಿಂದ ಸಿಕ್ಕಿಸಿದ.

“ಇಲ್ಲಿ ಪೊಲೀಸ್ರು ದೀಪಾ ಅರ್ಧಾ ಕರೇ ಮಾಡು ಅಂತಾರ, ರಾಜ್ಯದ ಗಡಿ ಆಚೆ ನಡುವ ಬೊಟ್ಟಷ್ಟ ಸಾಕು ಅಂತಾರ. ಬಣ್ಣಾ ಬಳದು ಕೆರದು ಗಾಜ ಹಾಳಾತು. ಅದಕ್ಕ ಈ ಪಟ್ಟಿ ಮಾಡ್ಕೊಂಡೇನಿ, ಅಲ್ಲಿಗಂತ ದುಂಡಂದು ಬ್ಯಾರೆ ಐತಿ. ಇವತ್ತ ಹಚ್ಚೋದು ಮರ್ತೆ, ತಪ್ಪು ನಂದ. ಕಾನೂನು ಊರಿಗೊಂದಿರ್ಲಿ ಸರ, ಎದುರ ಬರಾವನ ಕಣ್ಣು ಎಲ್ಲಾ ಕಡೆ ಒಂದ ಅಲ್ಲೇನ್ರೀ?”

ವಾಹನಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಬೇಕೆಂದು ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಾದಿಸಿದೆ, ಅನಂತರ ಮನವಿಗಳನ್ನೂ ಬರೆದೆ. ಈಗ ನಿಜಕ್ಕೂ ದಣಿದಿದ್ದೇನೆ. ಆ ನಿಯಮ ಬರುವಾಗ ಬರಲಿ. ಲಾರಿ, ಟ್ರ್ಯಾಕ್ಟರ್ ಓಡಿಸುವ ಓದುಗರು ದಯವಿಟ್ಟು ಇಂಥದೊಂದು ಜೊತೆ ಪಟ್ಟಿ ಕತ್ತರಿಸಿಟ್ಟುಕೊಳ್ಳಿ. ದೀಪ ಹಾಕುವ ಮೊದಲು ಮರೆಯದೆ ಸಿಕ್ಕಿಸಿ.