ಕೊಚ್ಚಿಯ ಗೋಡೆಗೆ ತೂಗು ಹಾಕಿದ ಕಂಬಳಿ

ಚಳ್ಳಕೆರೆ ಬಳಿಯ ನನ್ನಿವಾಳದ ಸಿದ್ದಕ್ಕನಿಗೆ ಇಪ್ಪತ್ತು ಕಂಬಳಿಯ ಕೂಲಿ ಇನ್ನೂ ಬಂದಿಲ್ಲ. ಕೊಡಬೇಕಾದವರು ಕೊಚ್ಚಿಯ ಒಂದು ಹೋಟೆಲಿನವರು. ಡಚ್ಚರು ಮೆಣಸು ತುಂಬಿಡುತ್ತಿದ್ದ ಹಳೆಯ ಉಗ್ರಾಣವನ್ನು ಕೊಂಡು, ಕೋಣೆಗಳಾಗಿ ಒಡೆದು, ಒಂದೊಂದು ಕೋಣೆಯ ಗೋಡೆಗೂ ಒಂದೊಂದು ಕರಿ ಕಂಬಳಿ ತೂಗು ಹಾಕಿದ್ದರು. ಮಾಲು ಫೋನಿನಲ್ಲೇ ಹೇಳಿ ತರಿಸಿಕೊಂಡಿದ್ದರು.

ನೂಲುವುದು ಸಿದ್ದಕ್ಕ, ನೇಯುವುದು ಗಂಡ ಅಜ್ಜಪ್ಪ. ಹುಣಸೆ ಬೀಜ ಅರೆದು ಕಾಯಿಸಿದ ಗಂಜಿಯನ್ನು ನೂಲಿಗೆ ಸವರುವುದೂ ಅವಳದೇ ಕೆಲಸ. ಗೋಡೆಗೆ ಹಾಕುವ ಮಾಲು ಜೋಲು ಬೀಳಬಾರದೆಂದು ಈ ಸಲ ದಪ್ಪಗೆ ಸವರಿದ್ದಳು. ಚಳ್ಳಕೆರೆ ಸೀಮೆಯ ಒಣಗಾಳಿಗೆ ಅದು ಹಲಗೆಯಂತೆ ಬಿಗಿದು ನಿಲ್ಲುತ್ತದೆ. ಕಡಲ ಗಾಳಿ ಹೇಗಿರುತ್ತದೆಂದು ಅವಳಿಗೆ ಯಾರು ಹೇಳಿದ್ದರು?

ಮಳೆಗಾಲ ಕಳೆದರೂ ದುಡ್ಡು ಬರಲಿಲ್ಲ. ಕುರಿಗಾರರು ಉಣ್ಣೆ ಕತ್ತರಿಸಲು ನಿಂತಿದ್ದರು. ಈಗ ಉಣ್ಣೆ ಕೊಳ್ಳದಿದ್ದರೆ ಮಗ್ಗ ಖಾಲಿ. ಚಳ್ಳಕೆರೆಯ ಶಕೀಲ್ ಈರುಳ್ಳಿ ಲಾರಿ ಹೊಡೆದುಕೊಂಡು ಕೊಚ್ಚಿಗೆ ಹೊರಟಿದ್ದ. ಸಿದ್ದಕ್ಕ ರೊಟ್ಟಿ ಕಟ್ಟಿಕೊಂಡು ಹತ್ತಿದಳು.

“ಅಲ್ಲಿ ನಿಮ್ ಮಾತು ಯಾರಿಗೆ ತಿಳೀತೈತೆ ಸಿದ್ದಕ್ಕ?”

“ನೀನಿದೀಯಲ್ಲ. ನಿನ್ ಉರ್ದು ಏನ್ ಸಂತ್ಯಾಗೆ ಜಗಳ ಆಡಾಕಷ್ಟೇ ಇರೋದಾ?”

ಹೋಟೆಲಿನ ಅಂಗಳದಲ್ಲಿ ಗೈಡೊಬ್ಬ ಪ್ರವಾಸಿಗರಿಗೆ ಹಿಂದಿಯಲ್ಲಿ ಊರಿನ ಚರಿತ್ರೆ ಒಪ್ಪಿಸುತ್ತಿದ್ದ. ಮೊದಲು ಪೋರ್ಚುಗೀಸರು, ಅವರನ್ನು ಓಡಿಸಿ ಡಚ್ಚರು, ಆಮೇಲೆ ಇಂಗ್ಲಿಷರು, ಎಲ್ಲರೂ ಬಂದಿದ್ದು ಮೆಣಸಿಗೆ. ಶಕೀಲ್ ಅದನ್ನು ಕನ್ನಡದಲ್ಲಿ ಹೇಳಿದ.

“ಮೆಣಸು ಬೆಳೆದೋರಿಗೆ ಎಷ್ಟು ಕೊಟ್ರಂತೆ? ಕೇಳು.”

ಶಕೀಲ್ ಕೇಳಿದ. ಗೈಡ್ ನಕ್ಕು, ಇದನ್ನು ಇದುವರೆಗೆ ಯಾರೂ ಕೇಳಿಲ್ಲ ಎಂದ.

ಕೂಲಿ ಕೇಳಿದ್ದಕ್ಕೆ ಹೋಟೆಲಿನ ಮ್ಯಾನೇಜರ್ ಇಬ್ಬರನ್ನೂ ಹಿತ್ತಲ ಶೆಡ್ಡಿಗೆ ಕರೆದೊಯ್ದ. ಇಪ್ಪತ್ತೂ ಕಂಬಳಿ ಅಲ್ಲಿ ಗುಡ್ಡೆ ಬಿದ್ದಿದ್ದವು. ಕರಿ ಉಣ್ಣೆಯ ಮೇಲೆ ಬೂದಿ ಎರಚಿದಂತೆ ಬೂಷ್ಟು. ಸತ್ತ ಕುರಿಯ ನಾತ. ಸಿದ್ದಕ್ಕ ಒಂದರ ಅಂಚು ಉಜ್ಜಿ ನೋಡಿದಳು. ಹಳಸಿದ ಗಂಜಿ ಲೋಳೆಯಾಗಿ ಬೆರಳಿಗೆ ಅಂಟಿತು.

“ಗಂಜಿ ದಪ್ಪ ಆಗೈತೆ. ಹಾಕಿದೋಳು ನಾನೇ.”

ಶಕೀಲ್ ಹಣೆ ಚಚ್ಚಿಕೊಂಡ. “ಇದನ್ನ ಅವನಿಗೆ ಹೇಳ್ಲಾ? ಸುಮ್ಕಿರಿ ಸಿದ್ದಕ್ಕ!”

“ಹೇಳು. ಇನ್ನೊಂದೂ ಹೇಳು. ಈ ಗೋಡೆ ಬೆವರೋದು ಇವರಿಗೆ ಗೊತ್ತಿತ್ತು, ನಂಗೆ ಗೊತ್ತಿರ್ಲಿಲ್ಲ. ಆಗಾಗ ಬಿಸಿಲಿಗೆ ಹಾಕಿದ್ರೆ ಸಾಕಿತ್ತು, ಉಳೀತಿದ್ವು.”

ಮ್ಯಾನೇಜರ್ ಮೊದಲ ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡ. ತಪ್ಪು ನಿಮ್ಮದೇ ಎಂದು ಒಪ್ಪಿದಿರಲ್ಲ, ಲಾರಿ ಇದೆ, ಮಾಲು ವಾಪಸು ಒಯ್ಯಿರಿ ಎಂದ.

ಶಕೀಲ್ ಒಂದು ಕಂಬಳಿ ಎತ್ತಲು ಬಾಗಿದ. ಸಿದ್ದಕ್ಕ ಅವನ ತೋಳು ಹಿಡಿದು ಎಳೆದಳು. ಸಿದ್ದಕ್ಕನ ಸೀಮೆಯ ಕಂಬಳಿ ಸಂತೆಯಲ್ಲಿ ಒಂದು ಕಟ್ಟಳೆ: ಕೊಟ್ಟ ಕಂಬಳಿಯನ್ನು ನೇಯ್ದವರು ಮರಳಿ ಹೆಗಲಿಗೆ ಹಾಕಿಕೊಂಡರೆ ವ್ಯಾಪಾರ ಮುರಿದಂತೆ. ಆಮೇಲೆ ಕಾಸು ಕೇಳುವಂತಿಲ್ಲ.

“ಮುಟ್ಟಬ್ಯಾಡ.”

“ತೊಳೆದ್ರೆ ನಾಕಾದ್ರೂ ಉಳೀತಾವೆ!”

“ಅದು ನಂಗೂ ಗೊತ್ತು ಕಣೋ.”

ಅಲ್ಲೇ ಬಾಗಿಲಿಗೆ ಅಡ್ಡ ಕೂತಳು. ಸಂಜೆ ಸೆಕ್ಯುರಿಟಿಯವರು ಬಂದು ರಟ್ಟೆ ಹಿಡಿದು ಗೇಟಿನಾಚೆ ಬಿಟ್ಟರು. ಅವಳು ರಸ್ತೆಯಲ್ಲಿ ನಿಂತಿರುವಾಗಲೇ ಹಿತ್ತಲಿನಿಂದ ಹೊಗೆ ಎದ್ದಿತು. ಸುಟ್ಟ ಉಣ್ಣೆಯ ನಾತ ಯಾವುದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಊರಿಗೆ ಬರುವಷ್ಟರಲ್ಲಿ ಉಣ್ಣೆ ಬೇರೆಯವರ ಪಾಲಾಗಿತ್ತು. ಅಜ್ಜಪ್ಪ ಮಗ್ಗದ ಗುಂಡಿಗೆ ಹಲಗೆ ಮುಚ್ಚಿ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದಾನೆ. ಸಿದ್ದಕ್ಕ ಶೇಂಗಾ ಆರಿಸುತ್ತಾಳೆ. ಆಗಾಗ ಶಕೀಲನಿಂದ ಹೋಟೆಲಿಗೆ ಫೋನ್ ಮಾಡಿಸುತ್ತಾಳೆ. ಆ ಕಡೆಯವರು ಎತ್ತುವುದಿಲ್ಲ.

ಕೊಚ್ಚಿ ನೋಡಲು ಹೋಗುವವರು ನೀವು. ಸಾವಿರಾರು ರೂಪಾಯಿ ತೆತ್ತು ಅಂಥ ಕೋಣೆಗಳಲ್ಲಿ ಮಲಗುವವರೂ ನೀವೇ. ನಿಮ್ಮ ಫೋನನ್ನು ಅವರು ಎತ್ತುತ್ತಾರೆ. ಬಾಡಿಗೆ ಕಟ್ಟುವ ಮೊದಲು ಕೌಂಟರಿನ ಮುಂದೆ ನಿಂತು ಕೇಳಿ: ಈ ಗೋಡೆಯ ಮೇಲಿರುವುದನ್ನು ನೇಯ್ದವರಿಗೆ ಕೂಲಿ ಕೊಟ್ಟಿದ್ದೀರಾ? ಉತ್ತರ ಬರದಿದ್ದರೆ ಬಾಡಿಗೆ ಕೊಡಬೇಡಿ, ಚೀಲ ಎತ್ತಿಕೊಂಡು ಹೊರಗೆ ಬನ್ನಿ.