ನಾಲ್ಕು ಹತ್ತರ ಬಸ್ಸು

ನನ್ನ ನೆಗೆಣ್ಣಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಸುತ್ತುಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳು ನನ್ನ ಮೈದುನನ ಹೆಂಡತಿ. ಮೂಡಲಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನಾನು ಗೋಕಾಕದಿಂದ ಹುಕ್ಕೇರಿಯ ಸಾಲೆಗೆ ದಿನಾ ಬಸ್ಸಿನಲ್ಲಿ ಓಡಾಡುವ ಮಾಸ್ತರಣಿ.

ಬಸ್ ಸ್ಟ್ಯಾಂಡಿನ ಬೋರ್ಡು ಹೇಳುವ ವೇಳೆಗೂ ಬಸ್ಸು ಬಿಡುವ ವೇಳೆಗೂ ಸಂಬಂಧವಿಲ್ಲ ಎಂಬುದು ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಹಾಗಾಗಿ ಕಂಡದ್ದನ್ನೆಲ್ಲ ಒಂದು ಬ್ಲಾಗಿನಲ್ಲಿ ಬರೆಯತೊಡಗಿದೆ. ‘ಎಂಟು ಇಪ್ಪತ್ತರದು ಎಂಟು ಮೂವತ್ತೈದಕ್ಕೆ, ಡ್ರೈವರ್ ಚಹಾ ಕುಡಿದ ಮೇಲೆ.’ ‘ಸಂತೆಯ ದಿನ ಹಿಂದಿನ ಬಾಗಿಲಲ್ಲಿ ಹತ್ತಬೇಡಿ.’ ಏಳು ವರ್ಷ ಬರೆದೆ. ಓದುವವರು ನಮ್ಮ ಸಾಲೆಯ ನಾಲ್ವರು, ಮತ್ತೆ ನಾನು.

ಒಮ್ಮೆ ನೆಗೆಣ್ಣಿ, “ಅಕ್ಕಾರ, ನಿಮ್ಮ ಬಸ್ಸಿನ ಟೈಮ್ ನನ್ನ ಪೇಜಿನ್ಯಾಗ ಹಾಕ್ಕೊಳ್ಳಲೇನ್ರಿ?” ಎಂದಳು. “ಹಾಕ್ಕೋವಾ, ಅದಕ್ಕೇನಂತ,” ಅಂದೆ, ದೊಡ್ಡವಳ ಗತ್ತಿನಲ್ಲಿ. ಅವಳು ತನ್ನ ವೆಬ್ ಪುಟಕ್ಕೆ ನಕಾಶೆಯನ್ನು ಒಂದು ಕಡೆಯಿಂದ, ಮಳೆಯ ಸುದ್ದಿಯನ್ನು ಇನ್ನೊಂದು ಕಡೆಯಿಂದ, ಸಂತೆಯ ದಿನಗಳನ್ನು ಮತ್ತೊಂದು ಕಡೆಯಿಂದ ತಂದು, ನಡುವೆ ನನ್ನ ಬಸ್ಸುಗಳನ್ನು ಓಡಿಸಿದಳು. ನನ್ನ ಬ್ಲಾಗಿನಲ್ಲಿ ಒಂದು ಸಾಲು ತಿದ್ದಿದರೆ ಅವಳಲ್ಲಿ ತಾನಾಗಿಯೇ ಬದಲಾಗುತ್ತಿತ್ತು. ಆರು ತಿಂಗಳಲ್ಲಿ ಮೂರು ತಾಲೂಕಿನ ಜನ ಅದನ್ನು ನೋಡಿಕೊಂಡೇ ಮನೆ ಬಿಡುವಂತಾಯಿತು.

ಮೇಲವಂಕಿಯಲ್ಲಿರುವ ಅತ್ತೆಯಂತೂ ಬಂದವರಿಗೆಲ್ಲ ಫೋನು ತೋರಿಸುವರು. “ಹತ್ತು ಮನಿ ಅರಿವಿ ಕೂಡಿಸಿ ಕೌದಿ ಹೊಲದಂಗ ಮಾಡ್ಯಾಳ್ರಿ ನಮ್ಮ ಸಣ್ಣಾಕಿ!” ಅರಿವೆ ನನ್ನದು, ಹೆಸರು ಹೊಲಿದವಳದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಆ ಪುಟ ತೆರೆದಾಗಲೆಲ್ಲ ಮೇಲಿನ ನಾಲ್ಕು ಸಾಲು ನೋಡುವಷ್ಟರಲ್ಲಿ ಹೊಟ್ಟೆ ಉರಿದು ಮುಚ್ಚಿಬಿಡುತ್ತಿದ್ದೆ.

ಒಂದು ಬುಧವಾರ ಕುಳಿತು, ಇಲ್ಲದ ಬಸ್ಸೊಂದನ್ನು ಹುಟ್ಟಿಸಿದೆ. ‘ಹುಕ್ಕೇರಿಯಿಂದ ಮೇಲವಂಕಿಗೆ ನೇರ, ಸಂಜೆ ನಾಲ್ಕು ಹತ್ತು.’ ಅಂಥ ಬಸ್ಸು ಎಂದೂ ಇರಲಿಲ್ಲ, ಗೋಕಾಕದಲ್ಲಿ ಇಳಿದು ಬದಲಿಸಲೇಬೇಕು. ನಂಬಲೆಂದು, ‘ಕಿಟಕಿ ಬಾಜೂ ಸೀಟು ಸಿಗುತ್ತದೆ’ ಎಂದೂ ಸೇರಿಸಿದೆ. ನಾಲ್ಕು ಜನ ಕಾದು ಬೈಯಲಿ, ಅವಳ ಪುಟದ ಬೆಲೆ ಅವಳಿಗೂ ಗೊತ್ತಾಗಲಿ, ಎರಡು ದಿನ ಬಿಟ್ಟು ಅಳಿಸಿದರಾಯಿತು ಎಂದುಕೊಂಡೆ. ಅಂದು ಒಳ್ಳೆಯ ನಿದ್ದೆ ಬಂತು.

ಮರುದಿನ ಸಾಲೆ ಬಿಟ್ಟು ಐದರ ಸುಮಾರಿಗೆ ಹುಕ್ಕೇರಿ ಸ್ಟ್ಯಾಂಡಿಗೆ ಬಂದರೆ, ಕಲ್ಲುಬೆಂಚಿನ ಮೇಲೆ ನಮ್ಮ ಅತ್ತೆ! ತಮ್ಮ ತಂಗಿಯ ಮನೆಗೆ ಬಂದವರು ಊರಿಗೆ ಹೊರಟಿದ್ದರು. ಬಾಜೂಕ್ಕೆ ಇಬ್ಬರು ಹೆಂಗಸರು, ಕಾಲ ಬುಡದಲ್ಲಿ ಅವರ ಚೀಲಗಳು.

“ಬಂದೇನವಾ? ನಿನ್ನ ಬಸ್ಸು ಇನ್ನೂ ಬಂದಿಲ್ಲ ನೋಡು. ಗೋಕಾಕದ ಎರಡು ಬಸ್ ಹ್ವಾದ್ವು, ನಾ ಹತ್ತಲಿಲ್ಲ. ಇವರಿಗೂ ಹತ್ತಬ್ಯಾಡ್ರಿ ಅಂದೆ. ಮೊಣಕಾಲು ಹಿಡಕೊಂಡು ಇಳಿಯೂದು, ಮತ್ತ ಹತ್ತೂದು ಯಾಕ? ಕಿಟಕಿ ಬಾಜೂ ಸೀಟ್ ಸಿಗತೈತಿ ಅಂತ ನೀನ ಬರದೀಯಲ್ಲ.”

“ನಾ ಬರದದ್ದು ಅಂತ ಯಾರ್ ಹೇಳಿದರ್ರಿ ಅತ್ತಿ?”

ಅತ್ತೆ ಫೋನಿನಲ್ಲಿ ಪುಟವನ್ನು ಕೆಳತುದಿಯವರೆಗೆ ಸರಿಸಿ ನನ್ನ ಮುಖಕ್ಕೆ ಹಿಡಿದರು. ಅಲ್ಲಿಯವರೆಗೆ ನಾನೆಂದೂ ಹೋಗಿರಲಿಲ್ಲ. ‘ಬಸ್ಸಿನ ವೇಳೆ: ನಮ್ಮ ಅಕ್ಕಾರು ದಿನಾ ಕಣ್ಣಾರೆ ನೋಡಿ ಬರೆದದ್ದು. ನಂಬಿ ಹೊರಡಿರಿ.’

“ಒಂದು ತಾಸಾತ್ರಿ,” ಎಂದು ಒಬ್ಬಾಕೆ ಗೊಣಗಿದಳು. ಅತ್ತೆ ಅವಳ ಕೈ ಒತ್ತಿದರು. “ತಡಾ ಆಗಿರಬೇಕು, ಕುಂದರ್ರಿ. ನಮ್ಮ ದೊಡ್ಡಾಕಿ ಸುಳ್ಳು ಬರಿಯೂದಿಲ್ಲ.”

“ಆ ಬಸ್ಸು ಇಲ್ಲರಿ ಅತ್ತಿ. ಬೇಕಂತನ ಸುಳ್ಳು ಬರದೇನಿ. ಆಕಿ ಹೆಸರು ಕೆಡ್ಲಿ ಅಂತ.”

ಅತ್ತೆ ಆ ಇಬ್ಬರ ಕಡೆಗೆ ನೋಡಲಿಲ್ಲ. ಚೀಲ ಎತ್ತಿಕೊಂಡು ಮುಂದಿನ ಗೋಕಾಕ ಬಸ್ಸು ಹತ್ತಿದರು. ನಾನು ಕೈ ಕೊಟ್ಟರೂ ಹಿಡಿಯಲಿಲ್ಲ. ಬಾಜೂಕ್ಕೆ ಕುಳಿತೆ.

ಘಟಪ್ರಭಾ ದಾಟುವಾಗ ನೆಗೆಣ್ಣಿಯ ಮೆಸೇಜು ಬಂತು. ‘ಅಕ್ಕಾರ, ನಾಲ್ಕು ಹತ್ತರ ಬಸ್ ಬರಲಿಲ್ಲಂತ ಯಾರೋ ಬೈದು ಬರದಾರ. ನಾನ ಏನರ ತಪ್ಪು ಜೋಡಿಸೇನೇನ್ರಿ? ನಿಮ್ಮದಂತೂ ತಪ್ಪಿರಾಕಿಲ್ಲ.’

ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಅದಕ್ಕಿಂತ ಮೊದಲು ಬಂದದ್ದು ಅದೇ ಹಳೆಯ ಉರಿ: ಇಷ್ಟು ಒಳ್ಳೆಯವಳೂ ಇವಳೇ ಆಗಬೇಕೆ!

ಅತ್ತೆಗೆ ಓದಿ ಹೇಳಿದೆ. ಕಿಟಕಿಯ ಹೊರಗೆ ನೋಡುತ್ತಲೇ ಅವರು ಅಂದರು: “ಈಗ ಖರೆ ಬರಿ.”