ಎರಡು ಬ್ರೇಕಿನ ಕಾರು

ಚಿಕ್ಕಲಸಂದ್ರದ ವಿಮಲಾ ಮೇಡಂ ಹದಿನೆಂಟು ವರ್ಷದಿಂದ ಹೆಂಗಸರಿಗೆ ಕಾರು ಕಲಿಸುತ್ತಿದ್ದಾರೆ. ಬಾಯಿ ಸ್ವಲ್ಪ ಜೋರು. ಕ್ಲಚ್ ಬಿಡುವಾಗ ತಪ್ಪಿದರೆ ಇಡೀ ಬಸ್‌ಸ್ಟಾಪಿಗೆ ಕೇಳುವಂತೆ ಬೈಯುತ್ತಾರೆ, ಆಮೇಲೆ ತಾವೇ ಕಾಫಿ ಕೊಡಿಸುತ್ತಾರೆ. ಅವರ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ಮೇಡಂ ಕಾಲಡಿ ಇನ್ನೊಂದು. ನಾನೂ ಅವರಲ್ಲಿ ಕಲಿಯುವವಳೇ, ಬೆಳಗಿನ ಪಾಠದಲ್ಲಿ ನನ್ನ ಸರದಿ ಎರಡನೆಯದು. ಹಾಗಾಗಿ ಮೊದಲ ಅರ್ಧ ಗಂಟೆ ಹಿಂದಿನ ಸೀಟಿನಲ್ಲಿ ಕೂತು ಬೇರೆಯವರು ಬೈಸಿಕೊಳ್ಳುವುದನ್ನು ಕೇಳುವುದು ನನಗೆ ಬೆಳಗಿನ ಮನರಂಜನೆ.

ಮೊದಲ ಸರದಿ ಜಯನಗರದ ಅಮ್ಮಣ್ಣಿಯವರದು. ವಯಸ್ಸು ಐವತ್ತೆಂಟು. ಗಂಡನ ಕಣ್ಣು ಮಂಜಾದ ಮೇಲೆ ಮನೆಯ ಕಾರು ನಿಂತಲ್ಲೇ ಧೂಳು ತಿನ್ನುತ್ತಿತ್ತು. ಲೈಸೆನ್ಸ್ ಟೆಸ್ಟಿನಲ್ಲಿ ಇವರು ಎರಡು ಸಲ ಫೇಲಾಗಿದ್ದರು. ಎರಡು ಸಲವೂ ಕಾರು ನಿಲ್ಲಬೇಕಾದ ಗೆರೆ ದಾಟಿ ಹೋಗಿತ್ತು. ಗುರುವಾರ ಮೂರನೆಯ ಟೆಸ್ಟು. ಅದೂ ಹೋದರೆ ಕಾರು ಮಾರಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಇಂಥ ಹೊತ್ತಿನಲ್ಲಿ ಮೇಡಂ ಕಾರು ಕಿರುಚತೊಡಗಿತು. ಬ್ರೇಕ್ ಪ್ಯಾಡು, ಡಿಸ್ಕು ಎರಡನ್ನೂ ಹೊಸದಾಗಿ ಹಾಕಿಸಿ ವಾರವೂ ಆಗಿರಲಿಲ್ಲ. ಬಿಟಿಎಂ ಲೇಔಟಿನ ಸಿಗ್ನಲ್ಲಿನಲ್ಲಿ ಬೈಕಿನವರೆಲ್ಲ ತಿರುಗಿ ನೋಡುತ್ತಿದ್ದರು. ಅಮ್ಮಣ್ಣಿಯವರಂತೂ ನಾಚಿಕೆಗೆ ಬ್ರೇಕ್ ಒತ್ತುವುದಕ್ಕೇ ಹಿಂಜರಿಯತೊಡಗಿದರು.

ಬಿಳೇಕಹಳ್ಳಿಯ ಮೆಕ್ಯಾನಿಕ್ ಮೌನೇಶ, ಯಾದಗಿರಿ ಕಡೆಯವನು, ಪ್ಯಾಡು ಬಿಚ್ಚಿ ಸ್ಯಾಂಡ್ ಪೇಪರಿನಿಂದ ಉಜ್ಜಿ, ಹಿಂಬದಿಗೆ ಗ್ರೀಸು ಸವರಿ ಕೊಟ್ಟ. ಎರಡು ದಿನ ಸುಮ್ಮನಿದ್ದು ಮತ್ತೆ ಶುರು. ಮೇಡಂ ಗ್ಯಾರೇಜಿಗೆ ಹೋಗಿ ಎಗರಾಡಿದರು. ಅವನು ಮರುದಿನದ ಪಾಠಕ್ಕೆ ಬಂದು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತ, ಅರ್ಧ ಗಂಟೆ ಮುಂದಿನವರ ಕಾಲುಗಳನ್ನೇ ನೋಡಿದ.

"ನೋಡ್ರಿ ಮೇಡಂ, ತಪ್ಪು ಕಲಿಯೋರದಲ್ಲ, ಪ್ಯಾಡಿಂದೂ ಅಲ್ಲ. ನಿಮ್ಮ ಕಾಲು ಸುಮ್ಮನ ಕೂಡಂಗಿಲ್ರಿ."

ನಿಜವೇ. ಹಿಂದೊಮ್ಮೆ ಕಲಿಯಲು ಬಂದ ಯಾರೋ ಎಳನೀರಿನ ಗಾಡಿಗೆ ಗುದ್ದಿದಂದಿನಿಂದ ಮೇಡಂ ಕಾಲು ಅವರಿಗೇ ಗೊತ್ತಿಲ್ಲದೆ ಪೆಡಲಿನ ಮೇಲೆ ಕೂತುಬಿಟ್ಟಿತ್ತು. ಹೊಸ ಪ್ಯಾಡು ಹೊಸ ಡಿಸ್ಕಿಗೆ ಒಗ್ಗಬೇಕಾದರೆ ಮೊದಮೊದಲು ಗಟ್ಟಿಯಾಗಿ ಬ್ರೇಕ್ ಹಾಕಿ, ನಡುವೆ ಆರಲು ಬಿಡಬೇಕಂತೆ. ದಿನವಿಡೀ ಪೆಡಲನ್ನು ಹೀಗೆ ಸವರುತ್ತಲೇ ಇದ್ದರೆ ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿ ಕಿರುಚುತ್ತದಂತೆ.

ಅವತ್ತೇ ಮತ್ತೊಮ್ಮೆ ಉಜ್ಜಿಕೊಟ್ಟ. ಬುಧವಾರ ಬೆಳಗ್ಗೆ ಅವನನ್ನೂ ಕೂರಿಸಿಕೊಂಡು ಉತ್ತರಹಳ್ಳಿಯಾಚೆಯ ಖಾಲಿ ರಸ್ತೆಗೆ ಹೋದೆವು. ಮೇಡಂ ಎರಡೂ ಕಾಲು ಮಡಚಿ, ಊಟಕ್ಕೆ ಕೂತವರ ಹಾಗೆ ಸೀಟಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು. ಅಮ್ಮಣ್ಣಿ ಐವತ್ತರವರೆಗೆ ಓಡಿಸಿ ಗಟ್ಟಿಯಾಗಿ ಬ್ರೇಕ್ ಒತ್ತುವುದು, ಪೂರ್ತಿ ನಿಲ್ಲುವ ಮೊದಲೇ ಬಿಡುವುದು, ಸ್ವಲ್ಪ ದೂರ ಹೋಗಿ ಮತ್ತೆ ಒತ್ತುವುದು. ಮೊದಲೆರಡು ಸಲ ಕಾರು ಅವರೆಣಿಸಿದ್ದಕ್ಕಿಂತ ಎಷ್ಟೋ ಮುಂದೆ ಹೋಯಿತು. ಆಮೇಲಾಮೇಲೆ ಎಷ್ಟು ಒತ್ತಬೇಕೆಂಬ ಅಂದಾಜು ಸಿಕ್ಕಿತು. ಹತ್ತನೆಯ ಸಲಕ್ಕೆ ಸದ್ದೇ ಇಲ್ಲ.

ಅಮ್ಮಣ್ಣಿ ಕಾರನ್ನು ಬದಿಗೆ ನಿಲ್ಲಿಸಿದರು. "ಮೇಡಂ, ಇಷ್ಟು ದಿನ ನಾನು ಬ್ರೇಕೇ ಹಾಕ್ತಿರ್ಲಿಲ್ವಾ?"

ವಿಮಲಾ ಮೇಡಂ ಮಡಚಿದ ಕಾಲುಗಳನ್ನು ಇನ್ನೂ ಕೆಳಗಿಳಿಸಿರಲಿಲ್ಲ. "ಅರ್ಧ ನಾನೇ ಹಾಕ್ತಿದ್ದೆ ಆಂಟಿ," ಎಂದರು. "ಟೆಸ್ಟಲ್ಲಿ ಪಕ್ಕ ಕೂತಿದ್ದು ಇನ್ಸ್‌ಪೆಕ್ಟರು, ನಾನಲ್ಲ. ಎರಡು ಸಲಾನೂ ನೀವು ಫೇಲಾಗಿದ್ದಲ್ಲ, ನಾನು ಮಾಡಿದ್ದು."

ತನಗೆ ವಯಸ್ಸಾಯಿತು, ಇನ್ನು ತಲೆಗೆ ಹತ್ತುವುದಿಲ್ಲ ಎಂದು ಅಮ್ಮಣ್ಣಿ ಎರಡು ಸಲವೂ ಮನೆಗೆ ಹೋಗಿ ಅತ್ತಿದ್ದರಂತೆ. ನನಗೆ ಮೇಡಂ ಮೇಲೆ ಸಿಟ್ಟೇ ಬಂತು. ಅಮ್ಮಣ್ಣಿ ಮಾತ್ರ ಗೇರ್ ಹಾಕಿ ಕಾರು ಹೊರಡಿಸಿದರು.

ಗುರುವಾರ ಕಾರು ಗೆರೆಗೆ ಸರಿಯಾಗಿ ನಿಂತಿತು, ಅಮ್ಮಣ್ಣಿ ಪಾಸಾದರು. ಜೊತೆಗೆ ನಾನೂ ಹೋಗಿದ್ದೆ. ವಾಪಸು ಬರುವಾಗಲೂ ಅವರೇ ಓಡಿಸುತ್ತೇನೆಂದರು. ವಿಮಲಾ ಮೇಡಂ ಮುಂದಿನ ಬಾಗಿಲು ತೆಗೆದು ಒಂದು ಕ್ಷಣ ನಿಂತರು, ನನ್ನನ್ನು ಅಲ್ಲಿ ಕೂರಿಸಿದರು, ತಾವು ಹಿಂದೆ ಹೋಗಿ ಕೂತರು. ಅಲ್ಲಿಂದ ಕಾಲಿಗೆ ಏನೂ ಎಟುಕುವುದಿಲ್ಲ.